ಸ್ಕೈಟ್ರೀ–ಅಸಕುಸ ದಿನದ ತಪ್ಪು ಏರ್ಪಾಟಿನ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: ಜೂನ್ ತಿಂಗಳ ಜಪಾನ್ ಪ್ರವಾಸದಲ್ಲಿ ಕೊಡದ ಟಿಕೆಟ್, ತಪ್ಪಿದ ದೇವಸ್ಥಾನ, ಹಣ ವಾಪಸಾತಿ

ಮಾನ್ಯರೇ,

ಟೋಕಿಯೊ ಸ್ಕೈಟ್ರೀಯ ಎರಡೂ ವೀಕ್ಷಣಾ ಅಂತಸ್ತುಗಳನ್ನು ತೋರಿಸುವುದಾಗಿ ನಿಮ್ಮ ಕರಪತ್ರದಲ್ಲಿ ಅಚ್ಚಾಗಿದೆ. ಗುಂಪಿನ ಕೈಗೆ ಬಂದ ಟಿಕೆಟ್ ಕೆಳಗಿನ ಅಂತಸ್ತಾದ ತೆಂಬೊ ಡೆಕ್‌ಗೆ ಮಾತ್ರ. 634 ಮೀಟರ್ ಗೋಪುರದಲ್ಲಿ ಅದಿರುವುದು 350 ಮೀಟರ್ ಎತ್ತರದಲ್ಲಿ. ಅದರ ಮೇಲೆ, 450 ಮೀಟರ್‌ವರೆಗೆ ಗಾಜಿನ ಓಣಿಯಂತೆ ಸುತ್ತಿಕೊಂಡು ಏರುವ ತೆಂಬೊ ಗ್ಯಾಲರಿಯಾಕ್ಕೆ ಬೇರೆ ಲಿಫ್ಟು, ಬೇರೆ ದುಡ್ಡು. ಎರಡನ್ನೂ ಸೇರಿಸಿ ಮುಂಗಡ ಕಾಯ್ದಿರಿಸಿದರೆ ಅಗ್ಗ. ವಾರದ ದಿನಗಳಲ್ಲಿ ಇನ್ನೂ ಅಗ್ಗ. ನೀವು ಶನಿವಾರ ಕರೆದೊಯ್ದಿರಿ. ಮೇಲೆ ಹೋಗಬೇಕೆಂದವರು 350 ಮೀಟರ್ ಅಂತಸ್ತಿನ ಕೌಂಟರಿನಲ್ಲಿ ಸ್ವಂತ ಹಣ ಕಟ್ಟಿದರು. ಉಳಿದವರು ಅಲ್ಲಿಂದಲೇ ಇಳಿದರು.

ಇದಕ್ಕಿಂತ ದೊಡ್ಡ ತಪ್ಪು ದಿನದ ಅನುಕ್ರಮದ್ದು. ಬೆಳಗ್ಗೆ ಗೋಪುರದ ಬುಡದ ಸೊರಾಮಾಚಿ ಮಾಲ್, ಮಧ್ಯಾಹ್ನ ಗೋಪುರ, ಸಂಜೆ ಐದೂವರೆಗೆ ಅಸಕುಸ. ಅಸಕುಸದ ಸೆನ್ಸೊ-ಜಿ ಬೌದ್ಧ ದೇವಸ್ಥಾನದ ಮುಖ್ಯ ಮಂದಿರ ಬೆಳಗ್ಗೆ 6ಕ್ಕೆ ತೆರೆದು ಸಂಜೆ 5ಕ್ಕೆ ಮುಚ್ಚುತ್ತದೆ. ಬಾಗಿಲು ಹಾಕಿದ ಮಂದಿರದ ಮೆಟ್ಟಿಲ ಮೇಲೆ ನಿಂತು ಹಿರಿಯರು ಕೈಮುಗಿದು ಬಂದರು. ದೇವಸ್ಥಾನಕ್ಕೆ ಹೋಗುವ ದಾರಿಯ, ಸುಮಾರು 250 ಮೀಟರ್ ಉದ್ದದ ನಾಕಾಮಿಸೆ ಅಂಗಡಿ ಬೀದಿಯಲ್ಲಿ ಆಗಲೇ ಒಂದೊಂದೇ ಅಂಗಡಿ ಶಟರ್ ಎಳೆಯುತ್ತಿತ್ತು. ಉತ್ಸವದ ಚಿತ್ರ ಬರೆದ ಆ ಶಟರ್‌ಗಳು ಚೆಂದವೇ, ಆದರೆ ಅದಕ್ಕೆಂದು ಯಾರೂ ಅಷ್ಟು ದೂರ ಹೋಗುವುದಿಲ್ಲ.

ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಏಳರ ಸುಮಾರಿಗೆ. ಗೋಪುರ ರಾತ್ರಿಯೂ ತೆರೆದಿರುತ್ತದೆ. ಜನ ಸೇರುವ ಮುನ್ನ ಎಂಟು ಗಂಟೆಗೇ ದೇವಸ್ಥಾನ ಮುಗಿಸಿ, ಅಂಗಡಿಗಳು ತೆರೆದ ಮೇಲೆ ಬೀದಿ ಸುತ್ತಿ, ಊಟವಾದ ಮೇಲೆ ನಡುವಿನ ಸುಮಿದಾ ಹೊಳೆ ದಾಟಿ, ಆರರ ಹೊತ್ತಿಗೆ ಗೋಪುರ ಹತ್ತಿಸಿದ್ದರೆ ಹಗಲು, ಸೂರ್ಯಾಸ್ತ, ಊರಿನ ದೀಪ ಮೂರೂ ಒಂದೇ ಟಿಕೆಟ್ಟಿನಲ್ಲಿ ಸಿಗುತ್ತಿದ್ದವು.

ಎರಡು ಜಾಗಗಳ ನಡುವೆ ಬಸ್ಸೂ ಬೇಕಿರಲಿಲ್ಲ. ಟೋಬು ರೈಲಿನಲ್ಲಿ ಅದು ಒಂದೇ ನಿಲ್ದಾಣ. ನಡೆಯುವವರಿಗೆ ರೈಲು ಸೇತುವೆಯ ಪಕ್ಕದಲ್ಲೇ 2020ರಲ್ಲಿ ತೆರೆದ ಸುಮಿದಾ ರಿವರ್ ವಾಕ್ ಎಂಬ ಕಾಲುದಾರಿ ಇದೆ. ಇಪ್ಪತ್ತು ನಿಮಿಷದ ದಾರಿ. ನೀವು ಬಸ್ಸಿಗೆ ಕಾಯಿಸಿದ ಹೊತ್ತಿನಲ್ಲೇ ಮಂದಿರದ ಬಾಗಿಲು ಹಾಕಿತು.

ಕರಪತ್ರದ "ಫ್ಯೂಜಿ ದರ್ಶನ ಖಚಿತ" ಎಂಬ ಸಾಲನ್ನೂ ತೆಗೆಯಿರಿ. ಫ್ಯೂಜಿ ಪರ್ವತ ಗೋಪುರದಿಂದ ಸುಮಾರು 100 ಕಿ.ಮೀ. ದೂರ. ಚಳಿಗಾಲದ ಒಣ ಹವೆಯ ಬೆಳಗುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಜೂನ್ ಎಂದರೆ ಅಲ್ಲಿ ಮಳೆಗಾಲ, ಮೋಡ, ಮಬ್ಬು. ಗಾಳಿ ಜೋರಾದರೆ ಲಿಫ್ಟನ್ನೇ ನಿಲ್ಲಿಸುತ್ತಾರೆ, ಅದಕ್ಕೆ ನಿಮ್ಮಲ್ಲಿ ಬದಲಿ ದಿನವೂ ಇರಲಿಲ್ಲ.

ಗ್ಯಾಲರಿಯಾಕ್ಕೆ ಕೈಯಿಂದ ಕಟ್ಟಿದವರಿಗೆ ಆ ಹಣವನ್ನು, ಹೋಗದವರಿಗೆ ಅಷ್ಟೇ ಮೊತ್ತವನ್ನು ವಾಪಸು ಕೊಡಬೇಕು. ಕರಪತ್ರ ಮತ್ತು ದಿನದ ಅನುಕ್ರಮ ಎರಡನ್ನೂ ಮುಂದಿನ ಗುಂಪು ಹೊರಡುವ ಮೊದಲು ತಿದ್ದಬೇಕು. 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇವೆ. ಕರಪತ್ರ, ಟಿಕೆಟ್ ಮತ್ತು ಕೌಂಟರ್ ರಸೀದಿಗಳ ಪ್ರತಿ ಲಗತ್ತಿಸಿದೆ.

ಇಂತಿ,
ಪ್ರವಾಸಿಗರ ಗುಂಪಿನ ಪರವಾಗಿ