ಆ ಅಪ್ಪನನ್ನು ನೆನೆದುಕೊಂಡು ಹೋಗು

ಪ್ರೀತಿಯ ಪುಟ್ಟೀ,

ಆಶೀರ್ವಾದ. ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಇದ್ದುಕೊಂಡು ಆನ್ ಫ್ರಾಂಕ್ ಅಡಗಿದ್ದ ಮನೆಗೆ ಇನ್ನೂ ಹೋಗಿಲ್ಲ, ಅಷ್ಟು ದುಃಖದ ಜಾಗಕ್ಕೆ ಹೋಗಿ ಯಾಕೆ ಮನಸ್ಸು ಕೆಡಿಸಿಕೊಳ್ಳಬೇಕು ದೊಡ್ಡಮ್ಮ ಅಂತ ಫೋನಿನಲ್ಲಿ ಕೇಳಿದೆಯಲ್ಲ. ಹೋಗು ಅಂತಲೇ ನಾನು ಹೇಳುವುದು. ನಾಜಿಗಳಿಂದ ತಪ್ಪಿಸಿಕೊಂಡು ಅಡಗಿದ್ದಾಗ ಡೈರಿ ಬರೆದ ಆ ಯಹೂದಿ ಹುಡುಗಿಯ ಕಥೆ ಶಾಲೆಯಲ್ಲೇ ಓದಿದ್ದೀಯ. ಈಗ ಅವಳ ಅಪ್ಪನನ್ನು ನೆನೆದುಕೊಂಡು ಹೋಗು. ಅಲ್ಲಿ ಅಡಗಿದ್ದ ಎಂಟು ಜನರಲ್ಲಿ ಬದುಕಿ ಬಂದವರು ಅವರೊಬ್ಬರೇ.

ಒಟ್ಟೊ ಫ್ರಾಂಕ್ ಜರ್ಮನಿಯಲ್ಲಿ ಹುಟ್ಟಿ, ಮೊದಲ ಮಹಾಯುದ್ಧದಲ್ಲಿ ಅದೇ ದೇಶಕ್ಕಾಗಿ ಹೋರಾಡಿ ಲೆಫ್ಟಿನೆಂಟ್ ಆದವರು. ಯಹೂದಿ ಅನ್ನುವ ಒಂದೇ ಕಾರಣಕ್ಕೆ 1933ರಲ್ಲಿ ಊರು ಬಿಟ್ಟು ಆಮ್‌ಸ್ಟರ್‌ಡ್ಯಾಮ್‌ಗೆ ಬರಬೇಕಾಯಿತು. 1940ರಲ್ಲಿ ನಾಜಿಗಳು ನೆದರ್‌ಲ್ಯಾಂಡ್ಸ್‌ಗೂ ಬಂದರು. ಅಮೆರಿಕದ ವೀಸಾಗೆ ಹಾಕಿದ್ದ ಅರ್ಜಿ ರಾಟರ್‌ಡ್ಯಾಮ್ ಮೇಲಿನ ಬಾಂಬ್ ದಾಳಿಯಲ್ಲಿ ಹಾಳಾಯಿತು, ಮರುವರ್ಷ ಮತ್ತೆ ಪ್ರಯತ್ನಪಟ್ಟರೂ ಆಗಲಿಲ್ಲ. ನೀನೂ ವೀಸಾಗೆ ಕಾದು ಕಾದು ಬೇಸತ್ತವಳೇ, ಆದರೆ ಸಿಗದಿದ್ದರೆ ಇಲ್ಲಿ ನಿನಗೆ ಮನೆಯಿತ್ತು.

ಆಮೇಲೆ ಯಹೂದಿಗಳಿಗೆ ಒಂದೊಂದೇ ಆಜ್ಞೆ. ಪಾರ್ಕಿಗೆ ಬರಬೇಡಿ. ಟ್ರಾಮ್ ಹತ್ತಬೇಡಿ. ಸೈಕಲ್ ಒಪ್ಪಿಸಿ. ಬಟ್ಟೆ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಿ. 1942ರ ಜುಲೈನಲ್ಲಿ ದೊಡ್ಡ ಮಗಳಿಗೆ ಜರ್ಮನಿಗೆ ಕೂಲಿಗೆ ಬಾ ಅಂತ ಕರೆ ಬಂತು, ಮರುದಿನವೇ ಅಡಗಿದರು.

ಸಿಕ್ಕಿಬಿದ್ದದ್ದು 1944ರ ಆಗಸ್ಟ್ 4ರಂದು. ಆಶ್ವಿಟ್ಜ್ ಅನ್ನುವ ನಾಜಿ ಕ್ಯಾಂಪ್‌ನಲ್ಲಿ ರೈಲಿನಿಂದ ಇಳಿಸಿ ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡಿದರು, ಹೆಂಡತಿ ಮಕ್ಕಳನ್ನು ಅವರು ಮತ್ತೆ ನೋಡಲೇ ಇಲ್ಲ. 1945ರ ಜನವರಿಯಲ್ಲಿ ಸೋವಿಯತ್ ಸೈನ್ಯ ಬಂದು ಬಿಡಿಸಿತು. ಬಿಡುಗಡೆ ಅಂದ ತಕ್ಷಣ ಕಷ್ಟ ಮುಗಿಯಿತು ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ, ಅಲ್ವಾ? ವಾಪಸ್ ಬರುವ ದಾರಿಯಲ್ಲಿ ಹೆಂಡತಿ ತೀರಿಕೊಂಡ ಸುದ್ದಿ ಸಿಕ್ಕಿತು. ಜೂನ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಸೇರಿದ ಮೇಲೂ ಮಕ್ಕಳು ಎಲ್ಲೋ ಇದ್ದಾರೆ ಅನ್ನುವ ಆಸೆಯಿಂದ ಕ್ಯಾಂಪ್‌ಗಳಿಂದ ಬಂದವರನ್ನೆಲ್ಲ ವಿಚಾರಿಸುತ್ತಿದ್ದರು. ಇಬ್ಬರೂ ಬರ್ಗೆನ್-ಬೆಲ್ಸೆನ್ ಕ್ಯಾಂಪ್‌ನಲ್ಲಿ ಸತ್ತರು ಅಂತ ಗೊತ್ತಾದದ್ದು ಜುಲೈನಲ್ಲಿ, ಯುದ್ಧ ಮುಗಿದು ಊರೆಲ್ಲ ಹಗುರಾಗಿದ್ದ ಹೊತ್ತಿನಲ್ಲಿ. ನನಗೆ ತಡೆಯಲಾಗದ್ದು ಆ ಒಂದೂವರೆ ತಿಂಗಳು. ನಾನೂ ಹೆತ್ತವಳು.

ಅಡಗಿದ್ದಾಗ ಅನ್ನ ತಂದುಕೊಟ್ಟವರಲ್ಲಿ ಒಬ್ಬರು ಒಟ್ಟೊ ಅವರ ಆಫೀಸಿನಲ್ಲಿ ಕೆಲಸಕ್ಕಿದ್ದ ಮೀಪ್ ಗೀಸ್. ಮಗಳ ಡೈರಿ ಎತ್ತಿಟ್ಟು ಕೊಟ್ಟವರೂ ಅವರೇ. ಮುಂದೆ ಏಳು ವರ್ಷ ಒಟ್ಟೊ ಇದ್ದದ್ದು ಅವರ ಮನೆಯಲ್ಲಿ.

ಅಡಗಿದ್ದ ಆ ಮನೆಯ ಒಳಗೆ ಮೇಜು ಮಂಚ ಏನೂ ಇರುವುದಿಲ್ಲ. ಬಂಧಿಸಿದ ಮೇಲೆ ನಾಜಿಗಳು ಎಲ್ಲ ಸಾಗಿಸಿದರು, ಹಾಗೇ ಖಾಲಿ ಇರಲಿ ಅಂದವರು ಒಟ್ಟೊ. ಗೋಡೆ ಮೇಲೆ ಮಕ್ಕಳ ಎತ್ತರ ಗುರುತು ಹಾಕಿದ ಪೆನ್ಸಿಲ್ ಗೆರೆಗಳಿವೆ. ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲು. ಮನಸ್ಸು ಕೆಟ್ಟರೆ ಕೆಡಲಿ ಮಗೂ.

ಆ ಕಾಲ ಕಂಡ ಹಿರಿಯರು ಅಲ್ಲೆಲ್ಲಾದರೂ ಸಿಕ್ಕಿದರೆ ನೀನಾಗಿ ಕೆದಕಬೇಡ. ಅವರಾಗಿ ಹೇಳಿದರೆ ಪೂರ್ತಿ ಕೇಳು, ನಡುವೆ ನಮ್ಮ ಕಷ್ಟ ತಂದು ಹೋಲಿಸಬೇಡ. ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ ಸಿಗುತ್ತದೆ, ಬೇಗ ಖಾಲಿಯಾಗುತ್ತದೆ. ಇವತ್ತೇ ನೋಡು.

ನಿನ್ನ ದೊಡ್ಡಮ್ಮ