‘ಮಿಲೇ ಸುರ್’ ಹಿಗ್ಗಿಸಬೇಡಿ, ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಆಗಸ್ಟ್ 15 ಮುಗಿಯಿತು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಕಲಬುರಗಿ, ಬೀದರ್, ಯಾದಗಿರಿಯ ಶಾಲೆ-ಕಾಲೇಜುಗಳಲ್ಲಿ ತಾಲೀಮು ಶುರುವಾಗಿದೆ. ಅತಿಥಿಗಳು ಬರುವುದು ತಡವಾದಾಗಲೆಲ್ಲ ಎಲ್‌ಇಡಿ ಪರದೆಯ ಮೇಲೆ ಬರುವ ಚಿತ್ರ ಒಂದೇ: ‘ಮಿಲೇ ಸುರ್ ಮೇರಾ ತುಮ್ಹಾರಾ’. ಹಾಕುವುದು ಸಂತೋಷವೇ. ಆದರೆ ಅದು ಪರದೆಯ ಮೇಲೆ ಬರುವ ರೂಪ ನೋಡಿದರೆ ಸಂಕಟವಾಗುತ್ತದೆ. ಆನೆ ಇನ್ನಷ್ಟು ದಪ್ಪ, ಭೀಮಸೇನ ಜೋಶಿಯವರ ಮುಖ ಚಪ್ಪಟೆ, ಸದ್ದು ಒಂದೇ ಪೆಟ್ಟಿಗೆಯಿಂದ.

1988ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿಯವರ ಭಾಷಣ ಮುಗಿದ ಮೇಲೆ ದೂರದರ್ಶನದಲ್ಲಿ ಇದು ಮೊದಲು ಬಿತ್ತರವಾಯಿತು. ಲೋಕ ಸೇವಾ ಸಂಚಾರ ಪರಿಷತ್ತಿಗಾಗಿ ಸುರೇಶ್ ಮಲ್ಲಿಕ್ ಕಲ್ಪಿಸಿದರು, ಕೈಲಾಶ್ ಸುರೇಂದ್ರನಾಥ್ ಚಿತ್ರಿಸಿದರು. ಹಿಂದಿ ಸಾಲು ಪಿಯೂಷ್ ಪಾಂಡೆಯವರದು, ಧಾಟಿ ಅಶೋಕ್ ಪತ್ಕಿಯವರದು, ವಾದ್ಯಗಳನ್ನು ಹೊಂದಿಸಿದವರು ಲೂಯಿಸ್ ಬ್ಯಾಂಕ್ಸ್. ಸುಮಾರು ಆರು ನಿಮಿಷದ ಈ ಚಿತ್ರಕ್ಕೆ ಸಾಹಿತ್ಯವೆಂದರೆ ನಿಜಕ್ಕೂ ಒಂದೇ ವಾಕ್ಯ. ಅದೇ ಮಾತು ಭಾಷೆ ಬದಲಿಸುತ್ತ ಕಾಶ್ಮೀರದಿಂದ ಕೇರಳಕ್ಕೆ, ಅಲ್ಲಿಂದ ಬಂಗಾಳಕ್ಕೆ ಹೋಗುತ್ತದೆ. ಭಾಷೆಯೊಂದಿಗೆ ಲಯವೂ ವಾದ್ಯವೂ ಬದಲಾಗುತ್ತವೆ, ಭೈರವಿ ಮಾತ್ರ ಬದಲಾಗುವುದಿಲ್ಲ. ಹಿಂದೂಸ್ತಾನಿಯಲ್ಲಿ ಭೈರವಿ ಎಂದರೆ ಕಛೇರಿ ಮುಗಿಸುವ ರಾಗ. ಇಲ್ಲಿ ಶುರುವೇ ಅದರಿಂದ. ಅದನ್ನು ಎತ್ತಿಕೊಡುವವರು ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿ, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತ ಜೋಶಿ ಎಂಬುದನ್ನು ನಿರೂಪಕರು ಒಮ್ಮೆಯಾದರೂ ಮೈಕಿನಲ್ಲಿ ಹೇಳಬಾರದೇ?

ಇದು ಉಳಿದದ್ದು ದೇಶಭಕ್ತಿಯ ಬಲದಿಂದ ಮಾತ್ರವಲ್ಲ. ಆ ಉದ್ದೇಶದ ಕಿರುಚಿತ್ರಗಳನ್ನು ದೂರದರ್ಶನ ಎಷ್ಟೋ ಹಾಕಿದೆ, ಬಹಳಷ್ಟು ಮರೆತುಹೋಗಿವೆ. ಇಲ್ಲಿ ಮಾವುತ, ಕೋಲ್ಕತ್ತಾ ಮೆಟ್ರೊದಿಂದ ಇಳಿಯುವ ಜನ, ಪ್ರಕಾಶ್ ಪಡುಕೋಣೆ, ಲತಾ ಮಂಗೇಶ್ಕರ್ ಎಲ್ಲರೂ ಒಂದೇ ಹಾಡಿನ ತುಂಡುಗಳನ್ನು ಹಂಚಿಕೊಂಡಿದ್ದಾರೆ. 2010ರ ಜನವರಿ 26ಕ್ಕೆ ‘ಫಿರ್ ಮಿಲೇ ಸುರ್’ ಬಂತು. ನಿರ್ದೇಶಕರು ಅದೇ ಕೈಲಾಶ್ ಸುರೇಂದ್ರನಾಥ್, ಉದ್ದ 16 ನಿಮಿಷಕ್ಕೂ ಹೆಚ್ಚು. ಸಿನಿಮಾ ತಾರೆಯರು ತುಂಬಿಕೊಂಡರು, ಮಾವುತನಂಥವರಿಗೆ ಜಾಗ ಸಾಲಲಿಲ್ಲ. ಈಗ ಅದನ್ನು ಯಾವ ಶಾಲೆಯೂ ಹಾಕುವುದಿಲ್ಲ.

ನಮ್ಮ ಭಾಗಕ್ಕೆ ಈ ಚಿತ್ರದ ಮೇಲೆ ಒಂದು ಹಕ್ಕಿದೆ ಎಂದರೂ ತಪ್ಪಿಲ್ಲ. 1975-76ರ ಉಪಗ್ರಹ ಟಿ.ವಿ. ಪ್ರಯೋಗ ‘ಸೈಟ್’ಗೆ ಆರಿಸಿದ ಹಳ್ಳಿಗಳಲ್ಲಿ ಗುಲ್ಬರ್ಗಾ ಜಿಲ್ಲೆಯವೂ ಇದ್ದವು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಬಂದದ್ದು ಆಮೇಲೆ, 1981ರಲ್ಲಿ. ಅದೂ ಅಲ್ಲದೆ ಸೇಡಂ ಕಡೆ ತೆಲುಗು, ಭಾಲ್ಕಿ-ಬಸವಕಲ್ಯಾಣದ ಕಡೆ ಮರಾಠಿ, ಊರೂರಲ್ಲಿ ದಖನಿ ಕೇಳುವ ನಮಗೆ ಭಾಷೆಗಳು ಹೀಗೆ ಒಂದರ ಬೆನ್ನಿಗೆ ಒಂದು ಬರುವುದು ದಿನದ ಅನುಭವ. (ತಾಂಡಾದ ಲಂಬಾಣಿಗೆ ಅದರಲ್ಲಿ ಜಾಗ ಸಿಗಲಿಲ್ಲ, ಆ ಕೊರಗು ಬೇರೆ.)

ಇನ್ನು ಪರದೆಯ ವಿಚಾರ. ಇದು 4:3 ಅಳತೆಯ ಚಿತ್ರ, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು. ಬಾಡಿಗೆಗೆ ಬರುವ ಎಲ್‌ಇಡಿ ಗೋಡೆ ಸಾಮಾನ್ಯವಾಗಿ 12×8 ಅಥವಾ 16×8 ಅಡಿ. 16 ಅಡಿಗೆ ಪೂರ್ತಿ ಹಿಗ್ಗಿಸಿದರೆ ಮನುಷ್ಯರ ಅಗಲ ಒಂದೂವರೆ ಪಟ್ಟಾಗುತ್ತದೆ. ‘ಜೂಮ್’ ಮಾಡಿ ತುಂಬಿದರೆ ಮೇಲೆ ಕೆಳಗೆ ಸೇರಿ ಎತ್ತರದ ಮೂರನೇ ಒಂದು ಭಾಗ ಹೋಗುತ್ತದೆ, ತಲೆ ಇದ್ದರೆ ಕಾಲಿಲ್ಲ. 8 ಅಡಿ ಎತ್ತರಕ್ಕೆ ಸರಿಯಾದ ಅಗಲ 10 ಅಡಿ 8 ಇಂಚು. 16 ಅಡಿ ಗೋಡೆಯಲ್ಲಿ ಎರಡೂ ಬದಿಗೆ 2 ಅಡಿ 8 ಇಂಚು, 12 ಅಡಿಯದರಲ್ಲಿ 8 ಇಂಚು ಕಪ್ಪು ಬಿಡಬೇಕು. ‘ಪರದೆ ಖಾಲಿ ಕಾಣುತ್ತದೆ’ ಎಂದು ಸಂಘಟಕರು ಗೊಣಗಿದರೆ ಗೊಣಗಲಿ, ಆ ಜಾಗದಲ್ಲಿ ಸಂಸ್ಥೆಯ ಲಾಂಛನ ಮಾತ್ರ ಕೂರಿಸಬೇಡಿ. ಲ್ಯಾಪ್‌ಟಾಪಿನಲ್ಲಿ ವಿಡಿಯೊ ಹಾಕುವ ವಿಎಲ್‌ಸಿ ತಂತ್ರಾಂಶದಲ್ಲಿ ‘ಎ’ ಕೀಲಿ ಒತ್ತುತ್ತ ಹೋದರೆ 4:3 ಬರುತ್ತದೆ. ಲ್ಯಾಪ್‌ಟಾಪಿನ ಚಿತ್ರವನ್ನು ಗೋಡೆಗೆ ಹೊಂದಿಸುವ ಎಲ್‌ಇಡಿ ಪ್ರೊಸೆಸರ್‌ನಲ್ಲೂ ‘ಫುಲ್ ಸ್ಕ್ರೀನ್’ ಸ್ಕೇಲಿಂಗ್ ತೆಗೆಯಬೇಕು, ಇಲ್ಲದಿದ್ದರೆ ಲ್ಯಾಪ್‌ಟಾಪಿನಲ್ಲಿ ಸರಿಮಾಡಿದ್ದು ಅಲ್ಲಿ ಮತ್ತೆ ಹಿಗ್ಗುತ್ತದೆ.

ಯಾರಾದರೂ ಓಡಿದಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಪ್ರತಿ ಕೆಟ್ಟಿದೆ ಎಂದುಕೊಳ್ಳಬೇಡಿ. ಹಳೆಯ ಪ್ರಸಾರದಲ್ಲಿ ಸೆಕೆಂಡಿಗೆ 25 ಚೌಕಟ್ಟು, ಒಂದೊಂದೂ ಬೆಸ-ಸಮ ಗೆರೆಗಳ ಎರಡು ಅರ್ಧ. ವಿಎಲ್‌ಸಿಯಲ್ಲಿ ‘ಡಿ’ ಒತ್ತಿ, ಆ ಅರ್ಧಗಳನ್ನು ಹೊಂದಿಸುವ ಡೀಇಂಟರ್‌ಲೇಸ್ ಹಾಕಿದರೆ ಗೆರೆ ಹೋಗುತ್ತದೆ, ಪ್ರೊಸೆಸರನ್ನು 50 ಹರ್ಟ್ಸ್‌ಗೆ ಇಟ್ಟರೆ ಕುಲುಕಾಟವೂ ತಗ್ಗುತ್ತದೆ. ವಾಟ್ಸಾಪಿನಲ್ಲಿ ಬಂದ ಪ್ರತಿಗೆ ಮಾತ್ರ ಯಾವ ಮದ್ದೂ ಇಲ್ಲ. ಅದು ಕೈಯಿಂದ ಕೈಗೆ ಹೋಗುತ್ತ ಹಿಂಡಿದ ಕಬ್ಬಾಗಿರುತ್ತದೆ. ನೇರ ಅಂತರ್ಜಾಲದಿಂದಲೂ ಹಾಕಬೇಡಿ, ಜೋಶಿಯವರ ಆಲಾಪದ ನಡುವೆ ಸಾಬೂನಿನ ಜಾಹೀರಾತು ಬಂದೀತು.

ಹೆಚ್ಚಿನ ಅನಾಹುತ ಧ್ವನಿಯಲ್ಲಿ. ಆರಂಭ ಮೆಲ್ಲಗಿದೆ. ಕೇಳಿಸುವುದಿಲ್ಲವೆಂದು ಮಿಕ್ಸರಿನ ಫೇಡರ್ (ಸದ್ದಿನ ಜಾರುಗುಂಡಿ) ಏರಿಸುತ್ತಾರೆ, ಕೊನೆಗೆ ವೃಂದ ಎದ್ದಾಗ ಸ್ಪೀಕರ್ ಪೆಟ್ಟಿಗೆ ಒಡೆದಂತೆ ಕಿರುಚುತ್ತದೆ. ಲೆವೆಲನ್ನು ಕೊನೆಯಿಂದ ಹಿಡಿಯಿರಿ: ಲತಾ ಅವರ ನಂತರದ ಭಾಗ ಹಾಕಿ, ಮಿಕ್ಸರಿನಲ್ಲಿ ಕೆಂಪು ದೀಪ ಹತ್ತದಂತೆ ಹೊಂದಿಸಿ, ಆಮೇಲೆ ಮೊದಲಿನಿಂದ ಹಾಕಿ. ಆಲಾಪ ತಗ್ಗಿದರೆ ತಗ್ಗಲಿ, ಸಭೆಯೇ ಸುಮ್ಮನಾಗುತ್ತದೆ. ಸದ್ದು ಎಡಗಡೆಯಿಂದ ಮಾತ್ರ ಬಂದರೆ ಆ ಚಾನೆಲನ್ನೇ ನಡುವಿಗೆ ಪ್ಯಾನ್ ಮಾಡಿ (ಎರಡೂ ಪೆಟ್ಟಿಗೆಗೆ ಸಮನಾಗಿ ಹಂಚಿ), ಬಲದ್ದನ್ನು ಮುಚ್ಚಿ. 80 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದನ್ನು ಕತ್ತರಿಸಿದರೆ ಗುಂಯ್‌ಗುಡುವುದು ಕಡಿಮೆಯಾಗುತ್ತದೆ. ತುಟಿ ಮತ್ತು ದನಿ ಕೂಡದಿದ್ದರೆ ಕಾರಣ ಪ್ರೊಸೆಸರ್. ಚಿತ್ರ ಅಲ್ಲಿ ತುಸು ತಡೆದು ಬರುತ್ತದೆ. ವಿಎಲ್‌ಸಿಯಲ್ಲಿ ‘ಕೆ’ ಕೀಲಿಯ ಒಂದೊಂದು ಒತ್ತಿಗೆ ದನಿ 50 ಮಿಲಿಸೆಕೆಂಡು ಹಿಂದೆ ಬೀಳುತ್ತದೆ. ಸಾಮಾನ್ಯವಾಗಿ ಒಂದೆರಡು ಒತ್ತು ಸಾಕು.

ಮಕ್ಕಳೇ ಹಾಡುವುದಾದರೆ ಮೂಲದ ಶ್ರುತಿಗೆ ಎಳೆಯಬೇಡಿ. ಕೆಳಗೆ ದನಿ ಹೂತುಹೋಗುತ್ತದೆ, ಮೇಲೆ ಚೀರುತ್ತದೆ. ಹಾರ್ಮೋನಿಯಂನಲ್ಲಿ ಅವರಿಗೆ ಒಗ್ಗುವ ಶ್ರುತಿ ಹುಡುಕಿ. ಭೈರವಿಯಲ್ಲಿ ರಿಷಭ, ಗಾಂಧಾರ, ಧೈವತ, ನಿಷಾದ ನಾಲ್ಕೂ ಕೋಮಲ, ಅಂದರೆ ಶುದ್ಧ ಸ್ವರಕ್ಕಿಂತ ತುಸು ತಗ್ಗು. ಮಕ್ಕಳು ಜಾರುವುದು ಮೊದಲು ರಿಷಭದಲ್ಲಿ, ಅದು ಶುದ್ಧಕ್ಕೆ ಏರಿಬಿಡುತ್ತದೆ. ದಿನಾ ಹತ್ತು ನಿಮಿಷ ಸಾ-ರಿ-ಸಾ ಹಿಡಿಸಿದರೆ ವಾರದಲ್ಲಿ ಕೂರುತ್ತದೆ. ತಮಿಳು, ಮಲಯಾಳಂ ಸಾಲುಗಳನ್ನು ಕನ್ನಡದಲ್ಲಿ ಬರೆದು ಬಾಯಿಪಾಠ ಮಾಡಿಸುವ ಬದಲು ಆ ಭಾಷೆ ಆಡುವವರನ್ನೇ ಕರೆಯಿರಿ. ಊರಿನ ಆಸ್ಪತ್ರೆಗಳಲ್ಲಿ ಮಲಯಾಳಿ ನರ್ಸ್ ಅಕ್ಕಂದಿರಿಗೆ ಬರವಿಲ್ಲ.

ಕೊನೆಯದಾಗಿ ಕತ್ತರಿ. ಸಮಯವಿಲ್ಲವೆಂದು ಹಿಂದಿ, ಕನ್ನಡ ಉಳಿಸಿ ಎರಡು ನಿಮಿಷಕ್ಕೆ ಇಳಿಸಿದ ಪ್ರತಿಗಳು ಈಗ ಓಡಾಡುತ್ತಿವೆ. ಕನ್ನಡದ ಸಾಲು ತಮಿಳಿನಿಂದ ಎದ್ದು ತೆಲುಗಿಗೆ ಇಳಿಯುತ್ತದೆ. ಎರಡೂ ಬದಿ ಕತ್ತರಿಸಿದರೆ ಅದು ಹಾಡಲ್ಲ, ಮೊಬೈಲ್ ರಿಂಗ್‌ಟೋನು. ಮುಕ್ತಾಯದಲ್ಲಿ ರಾಷ್ಟ್ರಗೀತೆಯ ಕೊನೆಯ ಸಾಲಿನ ಛಾಯೆ ಬರುತ್ತದೆ. ಸಭೆ ಅರೆಬರೆ ಏಳುವಷ್ಟರಲ್ಲಿ ಆಪರೇಟರ್ ನಿಲ್ಲಿಸಿ ‘ಈಗ ಸ್ವಾಗತ ಭಾಷಣ’ ಎಂದು ಮೈಕ್ ಕೊಡುತ್ತಾನೆ. ಆರು ನಿಮಿಷ ಬೇಕಿದ್ದರೆ ಆ ಭಾಷಣದಿಂದಲೇ ತೆಗೆಯಬಹುದು.

– ಧ್ವನಿ ಮತ್ತು ಪರದೆ ಕೆಲಸದ ಬಳಗ, ಕಲಬುರಗಿ