ಹೆಮಟೈಟ್‌ನ ಕಾಂತತ್ವ: ಒತ್ತಡವನ್ನೂ ಲೆಕ್ಕಕ್ಕೆ ಹಿಡಿಯಬೇಕು

ಮಾನ್ಯರೇ,

ಸಂಡೂರು–ಹೊಸಪೇಟೆ ಭಾಗದ ಕಬ್ಬಿಣದ ಅದಿರಿನ ಕುರಿತು ಬರೆಯುವವರು ಅದರ ಮುಖ್ಯ ಖನಿಜವಾದ ಹೆಮಟೈಟ್‌ಗೆ ಕಾಂತತ್ವವೇ ಇಲ್ಲವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ಮ್ಯಾಗ್ನೆಟೈಟ್ ಎಂಬ ಇನ್ನೊಂದು ಕಬ್ಬಿಣದ ಅದಿರಿನಂತೆ ಅದು ಅಯಸ್ಕಾಂತಕ್ಕೆ ಅಂಟಿಕೊಳ್ಳುವುದಿಲ್ಲ ಎಂಬಷ್ಟರ ಮಟ್ಟಿಗೆ ಆ ಮಾತು ಸರಿ. ಆದರೆ ಹೆಮಟೈಟ್ ಆಂಟಿಫೆರೋಮ್ಯಾಗ್ನೆಟ್ ವರ್ಗಕ್ಕೆ ಸೇರಿದ್ದು. ಅದರ ಹರಳಿನಲ್ಲಿ ಕಬ್ಬಿಣದ ಅಯಾನುಗಳ ಸ್ಪಿನ್‌ಗಳು (ಪ್ರತಿ ಅಯಾನಿನೊಳಗಿನ ಪುಟ್ಟ ಅಯಸ್ಕಾಂತಗಳು) ಪದರದಿಂದ ಪದರಕ್ಕೆ ವಿರುದ್ಧ ದಿಕ್ಕಿಗೆ ಮುಖ ಮಾಡಿರುವುದರಿಂದ ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಹಾಕುತ್ತದೆ. ಕೋಣೆಯ ತಾಪಮಾನದಲ್ಲಿ ಈ ಅಳಿಸುವಿಕೆ ಪೂರ್ತಿಯಾಗುವುದಿಲ್ಲ. ಸ್ಪಿನ್‌ಗಳು ಒಂದು ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಕೋನದಲ್ಲಿ ವಾಲಿಕೊಂಡಿರುವ ಕಾರಣ ಕ್ಷೀಣವಾದ ಕಾಂತತ್ವ ಉಳಿದಿರುತ್ತದೆ. ಸುಮಾರು ಮೈನಸ್ 13 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದಾಗ ಅವು ಹೊರಳಿ ಪದರಗಳಿಗೆ ಲಂಬವಾಗಿ, ಹರಳಿನ ಅಕ್ಷದ ಗುಂಟ ನಿಲ್ಲುತ್ತವೆ. ಆ ಅಲ್ಪ ಕಾಂತತ್ವವೂ ಇಲ್ಲವಾಗುತ್ತದೆ. ಇದಕ್ಕೆ ಮೊರಿನ್ ಸಂಕ್ರಮಣವೆಂದು ಹೆಸರು.

ತಣಿಸದೆ ಬರೀ ಒತ್ತಿದರೂ ಇದೇ ಫಲ ಸಿಗುತ್ತದೆ ಎಂಬುದನ್ನು ನಮ್ಮ ಪಾಠಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಎಲ್ಲ ದಿಕ್ಕಿನಿಂದ ಸಮನಾಗಿ ಸುಮಾರು ಒಂದೂವರೆ ಗಿಗಾಪಾಸ್ಕಲ್, ಅಂದರೆ ವಾತಾವರಣದ 15,000 ಪಟ್ಟು ಒತ್ತಡ ಹೇರಿದರೆ ಕೋಣೆಯ ತಾಪಮಾನದಲ್ಲೇ ಸ್ಪಿನ್‌ಗಳು ಹೊರಳುತ್ತವೆ. ಸ್ಪಿನ್‌ಗಳನ್ನು ಪದರದೊಳಗೆ ಮಲಗಿಸುವ ದ್ವಿಧ್ರುವ ಬಲಕ್ಕೂ (ಪುಟ್ಟ ಅಯಸ್ಕಾಂತಗಳಂತೆ ಅವು ಪರಸ್ಪರ ಬೀರುವ ಬಲ) ಅವನ್ನು ಅಕ್ಷದ ಗುಂಟ ನಿಲ್ಲಿಸುವ ಅಯಾನಿನ ಸ್ವಂತ ಒಲವಿಗೂ ನಡೆಯುವ ಹಗ್ಗಜಗ್ಗಾಟ ಇಲ್ಲಿ ಹೆಚ್ಚುಕಡಿಮೆ ಸಮಬಲದ್ದು. ಪರಮಾಣುಗಳು ತುಸು ಹತ್ತಿರ ಸರಿದರೂ ಗೆಲುವು ಬದಲಾಗುತ್ತದೆ. ಒಂದೇ ದಿಕ್ಕಿನಿಂದ ಒತ್ತಿದರೆ ಫಲಿತಾಂಶ ಬೇರೆ, ಆದ್ದರಿಂದ ಒತ್ತಡದ ಅಂಕಿಯೊಡನೆ ಅದನ್ನು ಹೇರಿದ ರೀತಿಯನ್ನೂ ನಮೂದಿಸಬೇಕು.

ಇಷ್ಟರಿಂದ ಒತ್ತಡ ಕಾಂತತ್ವವನ್ನು ಕುಗ್ಗಿಸುತ್ತದೆಂದು ಸೂತ್ರ ಕಟ್ಟುವುದು ಇನ್ನೊಂದು ತಪ್ಪು. ಇದೇ ಆಂಟಿಫೆರೋಮ್ಯಾಗ್ನೆಟ್ ವರ್ಗದ ಮ್ಯಾಂಗನೀಸ್ ಆಕ್ಸೈಡ್‌ನಲ್ಲಿ ಅಯಾನುಗಳು ಹತ್ತಿರವಾದಷ್ಟೂ ಆಮ್ಲಜನಕದ ಮೂಲಕ ನಡೆಯುವ ವಿನಿಮಯ ಬಲ (ಸ್ಪಿನ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಬಲ) ಗಟ್ಟಿಯಾಗಿ, ಸ್ಪಿನ್‌ಗಳ ಶಿಸ್ತು ಕೆಡುವ ನೀಲ್ ತಾಪಮಾನ ಏರುತ್ತದೆ. ಕ್ರೋಮಿಯಂನಲ್ಲಿ ಅದಕ್ಕೆ ತದ್ವಿರುದ್ಧ: ಸುಮಾರು 38 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ನೀಲ್ ತಾಪಮಾನ ಮೊದಲ ಒಂದು ಗಿಗಾಪಾಸ್ಕಲ್‌ಗೇ 50 ಡಿಗ್ರಿಯಷ್ಟು ಕುಸಿಯುತ್ತದೆ. ಇನ್ನು ಸೀರಿಯಂ–ಇಂಡಿಯಂ ಸಂಯುಕ್ತದ ಕಥೆ ಎಲ್ಲಕ್ಕಿಂತ ಸ್ವಾರಸ್ಯಕರ. ಸುಮಾರು ಎರಡೂವರೆ ಗಿಗಾಪಾಸ್ಕಲ್ ಒತ್ತಡದಲ್ಲಿ ಆಂಟಿಫೆರೋಮ್ಯಾಗ್ನೆಟಿಕ್ ವ್ಯವಸ್ಥೆ ನಶಿಸುವ ಅಂಚಿನಲ್ಲಿ, ಪರಮಶೂನ್ಯಕ್ಕಿಂತ ಕೇವಲ 0.2 ಕೆಲ್ವಿನ್ ಮೇಲೆ, ಅದು ಅತಿವಾಹಕವಾಗುವುದನ್ನು (ವಿದ್ಯುತ್ತಿಗೆ ತಡೆಯೇ ಇಲ್ಲದಂತಾಗುವುದನ್ನು) ಕೇಂಬ್ರಿಜ್‌ನ ಸಂಶೋಧಕರು 1998ರಲ್ಲಿ ವರದಿ ಮಾಡಿದರು.

ವಿಜ್ಞಾನ ಪುಟದಲ್ಲಿ ಅದಿರಿನ ಗುಣಗಳನ್ನು ಪಟ್ಟಿ ಮಾಡುವಾಗ ಹೆಮಟೈಟ್‌ನ ಮುಂದೆ ‘ಕಾಂತತ್ವವಿಲ್ಲ’ ಎಂಬುದರ ಬದಲು ‘ದುರ್ಬಲ ಕಾಂತತ್ವ, ತಾಪಮಾನ ಮತ್ತು ಒತ್ತಡವನ್ನು ಅವಲಂಬಿಸಿದೆ’ ಎಂದು ಅಚ್ಚು ಮಾಡಬೇಕೆಂದು ಕೋರುತ್ತೇನೆ.

– ನಿವೃತ್ತ ಭೌತವಿಜ್ಞಾನ ಉಪನ್ಯಾಸಕ, ಹೊಸಪೇಟೆ